ಕಲ್ಲು ಹೆಕ್ಕುವ ಮುನ್ನ ಬಾಗಿಲು ತಟ್ಟಿ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದೀರಿ. ಶಾಲೆಯಿಂದ ಬಂದ ಮೊಮ್ಮಗ ಅಂಗೈ ಬಿಚ್ಚಿ, "ಅಜ್ಜೀ, ಇದು ನೋಡಿ" ಎಂದು ಕೆಂಪು ಹಳದಿ ಚುಕ್ಕೆಗಳ ಕಲ್ಲೊಂದನ್ನು ತೋರಿಸುತ್ತಾನೆ. "ರಜೆಯಲ್ಲಿ ನಾವೂ ಹೋಗಿ ಇಂಥದ್ದನ್ನು ಹೆಕ್ಕಿ ತರೋಣ" ಎಂದು ಹಟ ಹಿಡಿಯುತ್ತಾನೆ. ಏನೆನ್ನುತ್ತೀರಿ?

ಆ ಕಲ್ಲಿನ ಹೆಸರು ಜಾಸ್ಪರ್. ನಮ್ಮ ಮನೆಗಳಲ್ಲಿ ಉಂಗುರಕ್ಕೆ ಕೂರಿಸುವ ಅಕೀಕ್ ಕಲ್ಲಿನ ಹತ್ತಿರದ ಬಂಧು ಅದು. ಎರಡೂ ಸಿಲಿಕಾದಿಂದಾದವು. ಅಕೀಕನ್ನು ಬಿಸಿಲಿಗೆ ಹಿಡಿದರೆ ಬೆಳಕು ತೂರಿ ಬರುತ್ತದೆ, ಜಾಸ್ಪರ್‌ನಲ್ಲಿ ಬರುವುದಿಲ್ಲ. ಅದಕ್ಕೆ ಕೆಂಪು ಬಣ್ಣ ಕೊಡುವುದು ಕಬ್ಬಿಣದ ಅಂಶ. ಚಾಕುವಿನಿಂದ ಗೀಚಿದರೂ ಗೀರು ಬೀಳದಷ್ಟು ಗಟ್ಟಿ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಸುತ್ತಮುತ್ತ ಬಹಳಷ್ಟು ಕನ್ನಡಿಗರಿದ್ದಾರೆ. ಅಲ್ಲಿಂದ ದಕ್ಷಿಣಕ್ಕಿರುವ ಮಾರ್ಗನ್ ಹಿಲ್ ಎಂಬ ಊರು 'ಪಾಪಿ ಜಾಸ್ಪರ್'ಗೆ ಹೆಸರುವಾಸಿ. ಕಲ್ಲಿನೊಳಗೆ ಪಾಪಿ ಹೂಗಳನ್ನು ಚೆಲ್ಲಿದಂತೆ ದುಂಡನೆಯ ಚುಕ್ಕೆಗಳು. ಆದರೆ ಈ ಕಲ್ಲು ಸಿಕ್ಕುವ ಹೆಸರಾಂತ ಜಾಗ ಖಾಸಗಿ ಜಮೀನು.

ಯಾರ ಜಮೀನು, ಯಾರ ಕಲ್ಲು?

"ಬೆಟ್ಟದಲ್ಲಿ ಬಿದ್ದಿರುವ ಕಲ್ಲಿಗೆ ಯಾರನ್ನು ಕೇಳಬೇಕು?" ಎಂದು ನಮಗೆ ಅನಿಸಬಹುದು. ನಮ್ಮ ತೋಟದಲ್ಲಿ ಬಿದ್ದ ತೆಂಗಿನಕಾಯಿಯನ್ನು ದಾರಿಹೋಕರು ಒಯ್ದರೆ ಸುಮ್ಮನಿರುತ್ತೇವೆಯೇ? ಹಾಗೆಯೇ ಇದೂ. ಉದ್ಯಾನ ಎಂದಮಾತ್ರಕ್ಕೆ ಅಲ್ಲೂ ಹೆಕ್ಕುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಕಲ್ಲು ಎತ್ತಿಕೊಂಡು ಹೋಗುವುದಕ್ಕೆ ನಿಷೇಧವಿದೆ.

ನಮ್ಮಲ್ಲಿಯೂ ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಜೊತೆ ಕೆಂಪು ಜಾಸ್ಪರ್ ಪಟ್ಟಿಗಳಿವೆ. 2015ರಲ್ಲಿ ಕೇಂದ್ರ ಸರಕಾರ ಜಾಸ್ಪರನ್ನು ಉಪಖನಿಜಗಳ ಪಟ್ಟಿಗೆ ಸೇರಿಸಿತು. ಅಂದರೆ ಇಲ್ಲಿಯೂ ಅದು ಹೇಳುವವರು ಕೇಳುವವರು ಇಲ್ಲದ ಕಲ್ಲಲ್ಲ.

ಕೇಳುವುದು ಹೇಗೆ?

ಮಾರ್ಗನ್ ಹಿಲ್‌ನಂಥ ಕಡೆ ಜಮೀನು ಯಾರದೆಂದು ಕೌಂಟಿಯ ಅಸೆಸರ್ ಕಚೇರಿಯ ದಾಖಲೆಗಳಿಂದ ತಿಳಿಯಬಹುದು. ಹೊರಡುವ ದಿನ ಬೆಳಗ್ಗೆ ಗೇಟಿನ ಮುಂದೆ ನಿಲ್ಲುವ ಬದಲು ಕೆಲವು ವಾರ ಮೊದಲೇ ಪತ್ರ ಬರೆಯಿರಿ ಅಥವಾ ಫೋನ್ ಮಾಡಿ. ಎಷ್ಟು ಜನ, ಮಕ್ಕಳೆಷ್ಟು, ಯಾವ ದಿನ ಎಂದು ತಿಳಿಸಿ. ಕಾರು ಎಲ್ಲಿ ನಿಲ್ಲಿಸಬೇಕು, ಅಗೆಯಬಹುದೇ ಅಥವಾ ಮೇಲೆ ಬಿದ್ದದ್ದನ್ನು ಮಾತ್ರ ಹೆಕ್ಕಬೇಕೇ, ಎಷ್ಟು ಒಯ್ಯಬಹುದು ಎಂದು ಕೇಳಿ. ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಜೊತೆಯಲ್ಲಿಟ್ಟುಕೊಳ್ಳಿ.

ಮಾಲೀಕರಿಗೂ ಒಂದು ಭಯವಿರುತ್ತದೆ. ಬಂದವರು ಬಿದ್ದು ಗಾಯ ಮಾಡಿಕೊಂಡರೆ ನಮ್ಮ ಮೇಲೆ ದಾವೆ ಹೂಡಿಯಾರೋ ಎಂದು. ಅದಕ್ಕಾಗಿ ಅವರು ಮುಚ್ಚಳಿಕೆ ಕೇಳಿದರೆ ಓದಿ ಸಹಿ ಹಾಕಿ, ಬೇಸರಪಡಬೇಡಿ. ಕಲ್ಲು ಸಂಗ್ರಹಕಾರರ ಸಂಘಗಳೂ ಮಾಲೀಕರ ಒಪ್ಪಿಗೆ ಪಡೆದು ಪ್ರವಾಸ ಏರ್ಪಡಿಸುತ್ತವೆ. ಮೊದಲ ಸಲ ಹೋಗುವ ಕುಟುಂಬಕ್ಕೆ ಅದೇ ಸುಲಭ. "ಬೇಡ" ಎಂದರೆ? ಧನ್ಯವಾದ ಹೇಳಿ ಸುಮ್ಮನಾಗಿ. ಮಗುವಿಗೆ ಅದೂ ಒಂದು ಪಾಠ.

ಹೊರಡುವ ಸಿದ್ಧತೆ

ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಮಳೆ ನಿಂತು ದಾರಿ ಒಣಗಿದ ವಸಂತಕಾಲ ಒಳ್ಳೆಯದು. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬಾರದು, ಅಡಿಯ ಬಿಸಿಗೇ ಬೆಂಕಿ ಹೊತ್ತಿಕೊಳ್ಳಬಹುದು. ತುಂಬು ತೋಳಿನ ಉಡುಪು, ಗಟ್ಟಿ ಬೂಟು, ಕೈಗವಸು ಬೇಕು. ಮೈಗೆ ತಾಗಿದರೆ ತುರಿಕೆ ಬೊಕ್ಕೆ ಏಳಿಸುವ 'ಪಾಯಿಸನ್ ಓಕ್' ಎಂಬ ಗಿಡ ಅಲ್ಲಿದೆ. ಬುಡುಬುಡಿಕೆ ಹಾವುಗಳೂ ಇವೆ. ನೋಡದೆ ಕಲ್ಲಿನಡಿಗೆ ಕೈ ಹಾಕದಂತೆ ಮಕ್ಕಳಿಗೆ ಮೊದಲೇ ಹೇಳಿ.

ಜಾಸ್ಪರ್ ಒಡೆದರೆ ಗಾಜಿನ ಚೂರಿನಷ್ಟೇ ಹರಿತ. ಕಣ್ಣಿಗೆ ರಕ್ಷಣಾ ಕನ್ನಡಕವಿಲ್ಲದೆ ಸುತ್ತಿಗೆ ಎತ್ತಬೇಡಿ. ಒಂದು ಬಾಟಲಿ ನೀರು ಹೆಚ್ಚಿಗೆ ಇರಲಿ. ಧೂಳು ಹಿಡಿದ ಕಲ್ಲಿಗೆ ನೀರು ಚಿಮುಕಿಸಿದಾಗಲೇ ಅದರ ನಿಜವಾದ ಬಣ್ಣ ಕಾಣುವುದು.

ಮನೆಗೆ ತಂದ ಮೇಲೆ ಒಣ ಕಲ್ಲನ್ನು ಉಜ್ಜಬೇಡಿ. ಗುಜರಾತಿನ ಖಂಭಾತ್‌ನಲ್ಲಿ ಅಕೀಕ್ ಉಜ್ಜುವ ಕಾರ್ಮಿಕರ ಶ್ವಾಸಕೋಶವನ್ನು ಹಾಳುಮಾಡಿದ ಸಿಲಿಕೋಸಿಸ್ ರೋಗಕ್ಕೆ ಕಾರಣ ಇಂಥದೇ ಧೂಳು. ಕತ್ತರಿಸುವ, ಹೊಳಪು ಕೊಡುವ ಕೆಲಸ ನೀರಿನೊಂದಿಗೇ ನಡೆಯಬೇಕು, ತಿಳಿದವರ ಕೈಯಲ್ಲೇ ಆಗಬೇಕು.

ಮರಳುವಾಗ

ತೋಡಿದ ಗುಂಡಿಯನ್ನು ಮುಚ್ಚಿ. ಇಲ್ಲದಿದ್ದರೆ ಮೇಯಲು ಬಂದ ದನದ ಕಾಲು ಮುರಿದೀತು. ಗೇಟು ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ಕಸವನ್ನು ಹಿಂದಕ್ಕೆ ತನ್ನಿ. ಸಿಕ್ಕಿದ್ದನ್ನು ಮಾಲೀಕರಿಗೆ ತೋರಿಸಿ, ಚೆಂದದ್ದೊಂದನ್ನು ಅವರಿಗೇ ಕೊಡಿ.

ಒಬ್ಬರು ಮಾಡಿದ ತಪ್ಪಿಗೆ ಬೀಗ ಬೀಳುವುದು ಮುಂದೆ ಬರುವವರೆಲ್ಲರಿಗೂ. ಕೇಳಿ ತಂದ ಕಲ್ಲು ಚಿಕ್ಕದಾದರೂ ಮಗು ಅದನ್ನು ಯಾರ ಮುಂದೆಯೂ ಅಡಗಿಸಬೇಕಾಗಿಲ್ಲ. "ಇದನ್ನು ಎಲ್ಲಿಂದ ತಂದೆ?" ಎಂದು ಕೇಳಿದರೆ, "ಅವರು ಕೊಟ್ಟರು" ಎಂದು ತಲೆಯೆತ್ತಿ ಹೇಳಬಹುದು.