ನಮ್ಮ ರೈಲ್ವೆ ಗೇಟು ಏಕೆ ಏಳಲಿಲ್ಲ?

ಹೋದ ತಿಂಗಳ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಮ್ಮ ರೈಲ್ವೆ ಗೇಟು ಅರ್ಧಕ್ಕೆ ಎದ್ದು ಗಡಗಡ ನಡುಗಿದ್ದನ್ನು ನೀವೆಲ್ಲ ನೋಡಿ ನಕ್ಕಿರಿ. ಹಿಂದಿನ ದಿನ ಕಂಪ್ಯೂಟರ್ ಕೋಣೆಯಲ್ಲಿ ಅದೇ ಗೇಟು ಇಪ್ಪತ್ತು ಸಲ ಸರಿಯಾಗಿ ಎದ್ದಿತ್ತು. ಸಿಟ್ಟಿನಲ್ಲಿ ನಾನು ಜೊತೆಗಾತಿಗೆ “ಪ್ರೋಗ್ರಾಂ ನೀನೇ ಕೆಡಿಸಿದ್ದೀಯ ಕಣೇ” ಅಂದುಬಿಟ್ಟೆ. ಅವಳು ಎರಡು ದಿನ ಮಾತು ಬಿಟ್ಟಳು. ಆಮೇಲೆ ಗೊತ್ತಾಯಿತು, ತಪ್ಪು ಪ್ರೋಗ್ರಾಮಿನದಲ್ಲ. ನಾನೇ ಆರಿಸಿ ತಂದ 9 ವೋಲ್ಟಿನ ಚೌಕ ಬ್ಯಾಟರಿಯದು. ಅದಕ್ಕೇ ಈ ಲೇಖನ.

ನಮ್ಮ ಕಿಟ್ಟಿನಲ್ಲಿರುವುದು ಆರ್ಡುಯಿನೊ ಊನೊ ಬೋರ್ಡು. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ್ದು. ಇದರ ಚಿಪ್ಪು ಓಡುವುದು 5 ವೋಲ್ಟಿನಲ್ಲಿ. ಯುಎಸ್‌ಬಿ ವೈರಿನಲ್ಲಿ ನೇರವಾಗಿ 5 ವೋಲ್ಟೇ ಬರುತ್ತದೆ. ಕಪ್ಪು ಸಾಕೆಟ್ಟಿಗಾದರೆ 7ರಿಂದ 12 ವೋಲ್ಟ್ ಕೊಡಬೇಕು. ಬೋರ್ಡಿನ ಮೇಲಿರುವ ರೆಗ್ಯುಲೇಟರು ಅದನ್ನು 5ಕ್ಕೆ ಇಳಿಸುತ್ತದೆ. 9 ಅಂದ್ರೆ ನಡುವೆ ಬಂತಲ್ಲ, ಸರಿ ಅಂದುಕೊಂಡೆ.

ಎಡವಿದ್ದು ಇಲ್ಲೇ. ವೋಲ್ಟ್ ನೋಡಿದೆ, ಆಂಪಿಯರ್ ನೋಡಲಿಲ್ಲ. ಆ ಚೌಕ ಡಬ್ಬಿಯೊಳಗೆ 1.5 ವೋಲ್ಟಿನ 6 ಪುಟ್ಟ ಸೆಲ್ಲುಗಳು ಸಾಲಾಗಿ ಕೂತಿರುತ್ತವೆ. ಸೆಲ್ಲು ಪುಟ್ಟದಾದಷ್ಟೂ ಅದರ ಆಂತರಿಕ ರೋಧ ಹೆಚ್ಚು. ಬೋರ್ಡಿಗೆ ಸುಮಾರು 50 ಮಿಲಿಆಂಪಿಯರ್ ಇದ್ದರೆ ಸಾಕು, ಅಷ್ಟನ್ನು ಅದು ಕೊಡುತ್ತದೆ. ಆದರೆ ಗೇಟು ಎತ್ತುವ ಸರ್ವೋ ಮೋಟಾರು, ನೋಡೋಕೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದರೂ, ಹೊರಡುವ ಗಳಿಗೆಯಲ್ಲಿ ಹಲವು ನೂರು ಮಿಲಿಆಂಪಿಯರ್ ಎಳೆಯುತ್ತದೆ. ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದಾಗ ಮನೆ ಬಲ್ಬು ಮಂಕಾಗುತ್ತಲ್ಲ, ಹಾಗೇ. ವಿಜ್ಞಾನದ ಮೇಷ್ಟ್ರು ಮಲ್ಟಿಮೀಟರ್ ಹಿಡಿದು ತೋರಿಸಿದರು: ಸುಮ್ಮನಿದ್ದಾಗ 9, ಮೋಟಾರು ಹೊರಟ ಕೂಡಲೇ 6ಕ್ಕಿಂತ ಕೆಳಗೆ. ಸಾಕಷ್ಟು ವೋಲ್ಟ್ ಸಿಗದೆ ಬೋರ್ಡು ಆರುತ್ತದೆ, ಮತ್ತೆ ಹತ್ತಿ ಪ್ರೋಗ್ರಾಂ ಮೊದಲಿನಿಂದ ಶುರು, ಮತ್ತೆ ಮೋಟಾರಿನ ಎಳೆತ. ಗೇಟು ನಡುಗಿದ್ದು ಹೀಗೆ.

ಹಾಗಾದರೆ 12 ವೋಲ್ಟಿನ ಅಡಾಪ್ಟರ್ ಹಾಕೋಣ ಅಂತೀರಾ? ನಾನೂ ಕೇಳಿದೆ. ರೆಗ್ಯುಲೇಟರು ಮಿಕ್ಕ 7 ವೋಲ್ಟನ್ನು ಶಾಖ ಮಾಡಿಯೇ ಕಳೆಯಬೇಕು. 0.2 ಆಂಪಿಯರ್ ಹರಿದರೆ ಕೆಲಸಕ್ಕೆ 1 ವ್ಯಾಟ್, ಶಾಖಕ್ಕೆ 1.4 ವ್ಯಾಟ್! ಬೆರಳಿಟ್ಟರೆ ಚುರುಕ್ ಅನ್ನುತ್ತೆ.

ಮೇಷ್ಟ್ರು ಹೇಳಿದ ಉಪಾಯ ಇಷ್ಟೆ: ಬೋರ್ಡಿಗೆ ಬೇರೆ, ಮೋಟಾರಿಗೆ ಬೇರೆ. ಗೋಡೆ ಗಡಿಯಾರಕ್ಕೆ ಹಾಕುವಂಥ ಪೆನ್ಸಿಲ್ ಸೆಲ್ಲು, ಆಲ್ಕಲೈನ್ ಜಾತಿಯದು, 4 ಸಾಲಾಗಿ ಜೋಡಿಸಿದರೆ 6 ವೋಲ್ಟ್. ಸರ್ವೋದ ಕೆಂಪು ವೈರು ಸೆಲ್ಲಿನ ಪ್ಲಸ್ಸಿಗೆ, ಕಂದು ಮೈನಸ್ಸಿಗೆ, ಕಿತ್ತಳೆ ಬಣ್ಣದ್ದು ಬೋರ್ಡಿನ ಪಿನ್ನಿಗೆ. ಸೆಲ್ಲಿನ ಮೈನಸ್ಸನ್ನು ಬೋರ್ಡಿನ ಗ್ರೌಂಡಿಗೂ ಸೇರಿಸಲೇಬೇಕು. ನಾನು ಮೊದಲು ಇದನ್ನು ಮರೆತೆ, ಗೇಟು ಹುಚ್ಚು ಹಿಡಿದ ಹಾಗೆ ಆಡಿತು. ಸಂಕೇತ ಹೋಗಿ ವಾಪಸ್ ಬರಲು ದಾರಿ ಬೇಕಲ್ಲ! ಎರಡರ ಪ್ಲಸ್ಸನ್ನು ಮಾತ್ರ ಒಂದಕ್ಕೊಂದು ಸೇರಿಸಬೇಡಿ.

ಕರೆಂಟ್ ಹೋದಾಗ ಬೋರ್ಡಿಗೆ ಪವರ್ ಬ್ಯಾಂಕ್ ಹಾಕಬಹುದು. ಆದರೆ ಕೆಲವು ಪವರ್ ಬ್ಯಾಂಕುಗಳು ಬೋರ್ಡಿನ ಅಷ್ಟು ಕಡಿಮೆ ಎಳೆತ ನೋಡಿ, ಫೋನ್ ಚಾರ್ಜ್ ಆಗಿಹೋಯ್ತು ಅಂದುಕೊಂಡು ತಾವೇ ಆಫ್ ಆಗುತ್ತವೆ.

ಜೊತೆಗಾತಿ ಈಗ ಮಾತಾಡುತ್ತಿದ್ದಾಳೆ. ಗೇಟು ಪ್ರಯೋಗಾಲಯದ ಕಿಟಕಿ ಪಕ್ಕ ಇದೆ. ಊಟದ ಬಿಡುವಿನಲ್ಲಿ ಬಂದು ಎತ್ತಿ ಇಳಿಸಿ ನೋಡಿ. ಕೆಂಪು ವೈರು ಮಾತ್ರ ಮುಟ್ಟಬೇಡಿ, ಬೆಸುಗೆ ಇನ್ನೂ ಸಡಿಲ ಇದೆ.

— 10ನೇ ತರಗತಿ ವಿದ್ಯಾರ್ಥಿನಿ