ಎಂಜಿನ್ನಿನ ಅಳತೆಯ ಹಾಳೆ: ಚರಿತ್ರೆಯ ಆಕರವಾಗಿ ಒಂದು ವಿವೇಚನೆ

ಚರಿತ್ರೆಯ ಆಕರಗಳೆಂದರೆ ಶಾಸನ, ನಾಣ್ಯ, ಕಡತ, ಸರ್ಕಾರಿ ದಫ್ತರ ಇವಿಷ್ಟೇ ಎಂದು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ. ಯಂತ್ರಶಾಲೆಯಲ್ಲಿ ಎಣ್ಣೆಯ ಕಲೆ ಹತ್ತಿದ ಅಳತೆಯ ಹಾಳೆಯೂ ಒಂದು ಆಕರವೆಂಬುದು ಅವರ ಲಕ್ಷ್ಯಕ್ಕೆ ಬರುವುದು ಅಪೂರ್ವ. ಮೋಟಾರು ಕಾರಿನ ಎಂಜಿನ್ನನ್ನು ಜೋಡಿಸುವಾಗ ಅದರ ಭಾಗಗಳ ಅಳತೆಗಳನ್ನು ಬರೆದಿಡುವುದಕ್ಕೆ ಯಾವ ಹಿನ್ನೆಲೆಯಿದೆ, ಆ ಬರಹದಲ್ಲಿ ಏನೇನು ಇರಬೇಕು, ಅದಿಲ್ಲದಿದ್ದರೆ ಆಗುವ ನಷ್ಟವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಈ ವಿಷಯದ ಮೂಲವನ್ನು ಉಗಿಯಂತ್ರದ ಕಾಲದಲ್ಲಿಯೇ ಕಾಣಬಹುದು. ಜೇಮ್ಸ್ ವಾಟ್ ತನ್ನ ಯಂತ್ರಕ್ಕೆ 1769ರಲ್ಲಿ ಪೇಟೆಂಟು ಪಡೆದನಾದರೂ, ಉಗಿ ಸೋರದಂತಹ ಸಿಲಿಂಡರು ಅವನಿಗೆ ಬಹುಕಾಲ ದೊರೆಯಲಿಲ್ಲ. ಜಾನ್ ವಿಲ್ಕಿನ್‌ಸನ್ ರೂಪಿಸಿದ ಕೊರೆಯುವ ಯಂತ್ರದಿಂದ ಆ ತೊಡಕು ನಿವಾರಣೆಯಾಯಿತು. ಅವನು ಕೊರೆದ 50 ಅಂಗುಲ ವ್ಯಾಸದ ಸಿಲಿಂಡರಿನಲ್ಲಿ ಎಲ್ಲಿಯೂ ಹಳೆಯ ಷಿಲ್ಲಿಂಗ್ ನಾಣ್ಯದ ದಪ್ಪದಷ್ಟು ದೋಷವೂ ಇಲ್ಲವೆಂದು ವಾಟನ ಪಾಲುದಾರ ಬೋಲ್ಟನ್ 1776ರಲ್ಲಿ ಬರೆದನು. ಇಲ್ಲಿ ದೋಷವನ್ನು ಹೇಳಿರುವುದು ಸಂಖ್ಯೆಯಿಂದಲ್ಲ, ನಾಣ್ಯದ ದಪ್ಪದಿಂದ ಎಂಬುದು ಗಮನಾರ್ಹ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜೋಸೆಫ್ ವಿಟ್‌ವರ್ತ್ ಅಂಗುಲದ ಹತ್ತು ಲಕ್ಷದಲ್ಲೊಂದು ಭಾಗವನ್ನು ತೋರಬಲ್ಲ ಅಳತೆಯ ಯಂತ್ರವನ್ನಿಟ್ಟನು. ನಾಣ್ಯದಿಂದ ಸಂಖ್ಯೆಗೆ ಬರಲು ಮುಕ್ಕಾಲು ಶತಮಾನ ಹಿಡಿಯಿತು.

ಆದರೂ ಮೊದಲ ಮೋಟಾರು ಕಾರುಗಳನ್ನು ತಯಾರಿಸಿದ ಅನೇಕ ಕಾರ್ಖಾನೆಗಳಲ್ಲಿ ಫಿಟ್ಟರನ ಕೈಯೇ ಪ್ರಮಾಣವಾಗಿತ್ತು. ಅವನು ಒಂದು ಭಾಗವನ್ನು ಅರದಿಂದ ಉಜ್ಜಿ, ಕೂಡಿಸಿ ನೋಡಿ, ಮತ್ತೆ ಉಜ್ಜಿ ಹೊಂದಿಸುತ್ತಿದ್ದನು. ಕೆಲಸವೇನೋ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಒಂದು ಎಂಜಿನ್ನಿನ ಭಾಗ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ಈ ಪದ್ಧತಿಗೆ ಬದಲಾದ ಮಾರ್ಗವನ್ನು ಎತ್ತಿ ತೋರಿಸಿದವರಲ್ಲಿ ಹೆನ್ರಿ ಲೆಲೆಂಡ್ ಮುಖ್ಯನು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರದಲ್ಲಿಯೂ, ಆಮೇಲೆ ಅಳತೆಯ ಉಪಕರಣಗಳಿಗೆ ಹೆಸರಾದ ಬ್ರೌನ್ ಆ್ಯಂಡ್ ಷಾರ್ಪ್ ಸಂಸ್ಥೆಯಲ್ಲಿಯೂ ದುಡಿದಿದ್ದ ಆತನು ಕ್ಯಾಡಿಲಾಕ್ ಕಾರ್ಖಾನೆಗೆ ಅದೇ ಶಿಸ್ತನ್ನು ತಂದನು. 1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೋಮೊಬೈಲ್ ಕ್ಲಬ್ಬು ಬ್ರೂಕ್‌ಲೆಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿಯಾಗಿ ಬಿಚ್ಚಿಸಿ, ಭಾಗಗಳನ್ನೆಲ್ಲ ಬೆರಸಿ, ಅವುಗಳಲ್ಲಿ 89ನ್ನು ತೆಗೆದು ಮಾರಾಟದ ದಾಸ್ತಾನಿನಿಂದ ಬೇರೆ ಭಾಗಗಳನ್ನು ಕೊಡಿಸಿತು. ಆ ರಾಶಿಯಿಂದ ಮತ್ತೆ ಮೂರು ಕಾರುಗಳನ್ನು ಅರದ ನೆರವಿಲ್ಲದೆ, ಸ್ಪ್ಯಾನರು ಸ್ಕ್ರೂ ಡ್ರೈವರುಗಳಿಂದಲೇ ಜೋಡಿಸಲಾಯಿತು. ಅವು 500 ಮೈಲಿ ಓಡಿದುವು. ಆ ವರ್ಷದ ಡ್ಯೂವರ್ ಟ್ರೋಫಿ ಕ್ಯಾಡಿಲಾಕ್‌ಗೆ ಸಂದಿತು.

ಇಲ್ಲಿ ಎರಡು ಬಗೆಯ ದಾಖಲೆಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಭಾಗ ಹೇಗಿರಬೇಕೆಂದು ವಿಧಿಸುವ ನಕ್ಷೆ. ಮತ್ತೊಂದು, ಭಾಗ ನಿಜವಾಗಿ ಹೇಗಿತ್ತೆಂದು ತಿಳಿಸುವ ಅಳತೆಯ ಹಾಳೆ. ಮೊದಲನೆಯದು ಶಾಸನದಂತೆ, ಎರಡನೆಯದು ವರ್ತಕನ ಕಡತದಂತೆ. ಶಾಸನದಲ್ಲಿ ಬರೆದದ್ದೆಲ್ಲ ನಡೆಯಿತೆಂದು ನಾವು ನಂಬುವುದಿಲ್ಲ; ಕಡತವನ್ನು ಕೇಳುತ್ತೇವೆ. ಎಂಜಿನ್ನಿನ ವಿಷಯದಲ್ಲಿಯೂ ಇದೇ ನ್ಯಾಯ.

ನಕ್ಷೆಯು ಅಪೂರ್ಣವಾಗಿದ್ದರೆ ಏನಾಗುತ್ತದೆಂಬುದಕ್ಕೆ ರೋಲ್ಸ್ ರಾಯ್ಸ್ ಸಂಸ್ಥೆಯ ಮರ್ಲಿನ್ ವಿಮಾನದ ಎಂಜಿನ್ನು ಒಳ್ಳೆಯ ನಿದರ್ಶನ. ಎರಡನೆಯ ಮಹಾಯುದ್ಧದಲ್ಲಿ ಅದನ್ನು ತಯಾರಿಸುವ ಹೊಣೆ ಬ್ರಿಟನ್ನಿನ ಫೋರ್ಡ್ ಕಾರು ಸಂಸ್ಥೆಗೂ ಬಂದಿತು. ನಕ್ಷೆಗಳನ್ನು ಕಂಡ ಫೋರ್ಡ್ ಎಂಜಿನಿಯರು ಇವುಗಳ ಪ್ರಕಾರ ಮಾಡಲಾಗದೆಂದನಂತೆ. ಅಳತೆಗಳು ಅತಿ ಬಿಗಿಯಾಗಿವೆಯೆಂದು ದೂರುತ್ತಿರಬಹುದೆಂದು ರೋಲ್ಸ್ ರಾಯ್ಸ್‌ನ ಸ್ಟ್ಯಾನ್ಲಿ ಹೂಕರ್ ಭಾವಿಸಿದರು. ಆದರೆ ದೂರು ಇದ್ದದ್ದು ಅವು ಅತಿ ಸಡಿಲವೆಂಬುದಾಗಿ! ಉಳಿದ ಅಂತರವನ್ನು ಡರ್ಬಿಯ ನುರಿತ ಫಿಟ್ಟರುಗಳು ಕೈಯಿಂದ ತುಂಬುತ್ತಿದ್ದರು. ಆ ತಿಳಿವಳಿಕೆ ಕಾಗದದ ಮೇಲೆ ಇರಲಿಲ್ಲ. ಫೋರ್ಡ್ ಸಂಸ್ಥೆ ನಕ್ಷೆಗಳನ್ನು ಹೊಸದಾಗಿ ಬರೆಸಿ, ಟ್ರಾಫರ್ಡ್ ಪಾರ್ಕಿನ ಕಾರ್ಖಾನೆಯಲ್ಲಿ 30,000ಕ್ಕೂ ಮಿಕ್ಕಿ ಎಂಜಿನ್ನುಗಳನ್ನು ತಯಾರಿಸಿತು. ಈ ಸಂಭಾಷಣೆ ನಮಗೆ ತಿಳಿದಿರುವುದು ಹೂಕರ್ 1984ರಲ್ಲಿ ಪ್ರಕಟಿಸಿದ ಆತ್ಮಕಥೆಯಿಂದ. ನಲವತ್ತು ವರ್ಷಗಳ ಬಳಿಕದ ನೆನಪಾದಕಾರಣ ಮಾತಿನ ವಿವರಗಳನ್ನು ಎಚ್ಚರಿಕೆಯಿಂದ ಬಳಸಬೇಕು. ಬರೆಯದೆ ಉಳಿದ ಕೌಶಲ ಕೈಯಿಂದ ಕೈಗೆ ಸುಲಭವಾಗಿ ದಾಟದೆಂಬ ತಿರುಳನ್ನು ಮಾತ್ರ ಒಪ್ಪಬಹುದು.

ಇನ್ನು ಅಳತೆಯ ಹಾಳೆಯ ಸ್ವರೂಪ. ಸಿಲಿಂಡರಿನ ವ್ಯಾಸವನ್ನು ಒಂದೇ ಕಡೆ ಅಳೆದರೆ ಸಾಲದು. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಪ್ರತಿಯೊಂದರಲ್ಲಿಯೂ ಪರಸ್ಪರ ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಪಿಸ್ಟನ್ನಿನ ಬಳೆಗಳು ಮೇಲ್ತುದಿಯಲ್ಲಿ ಹಿಂದಿರುಗುವ ಸ್ಥಳದಲ್ಲಿ ಸಾಮಾನ್ಯವಾಗಿ ಸವೆತ ಹೆಚ್ಚು. ಪಿಸ್ಟನ್ನು ಪಕ್ಕಕ್ಕೆ ಒತ್ತುವುದರಿಂದ ಸಿಲಿಂಡರು ಕಾಲಕ್ರಮದಲ್ಲಿ ಅಂಡಾಕಾರವಾಗುತ್ತದೆ. ಆರು ಸಂಖ್ಯೆಗಳಿದ್ದರೆ ಇವೆರಡೂ ವಿದಿತವಾಗುತ್ತವೆ. ಒಂದೇ ಇದ್ದರೆ ಎರಡೂ ಮರೆಯಾಗುತ್ತವೆ.

ಅಳೆದಾಗಿನ ಉಷ್ಣತೆಯನ್ನೂ ಬರೆಯಬೇಕು. 1931ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿದ ಪ್ರಮಾಣ 20 ಡಿಗ್ರಿ ಸೆಲ್ಸಿಯಸ್. 100 ಮಿಲಿಮೀಟರು ವ್ಯಾಸದ ಅಲ್ಯೂಮಿನಿಯಂ ಪಿಸ್ಟನ್ನು 10 ಡಿಗ್ರಿ ಶಾಖ ಹೆಚ್ಚಿದರೆ ಸುಮಾರು 0.02 ಮಿಲಿಮೀಟರು ಹಿಗ್ಗುತ್ತದೆ. ಎರಕದ ಕಬ್ಬಿಣದ ಸಿಲಿಂಡರು ಅದರ ಅರ್ಧದಷ್ಟು ಮಾತ್ರ. ಇವೆರಡರ ನಡುವಿನ ಸಂದು ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಗಳಿರುವುದರಿಂದ, ಉಷ್ಣತೆಯಿಲ್ಲದ ಅಳತೆ ತೇದಿಯಿಲ್ಲದ ಶಾಸನದಂತೆ. ಅಳೆದವರ ಹೆಸರು, ದಿನ, ಬಳಸಿದ ಉಪಕರಣ, ಅದನ್ನು ಯಾವುದರೊಡನೆ ಸರಿಹೋಲಿಸಿದರೆಂಬುದು, ಇವೆಲ್ಲವೂ ಸೇರಿದಾಗಲೇ ಸಂಖ್ಯೆ ಸಾಕ್ಷ್ಯವಾಗುವುದು.

ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದಿದೆ: ತೀರ್ಪನ್ನಲ್ಲ, ಅಳತೆಯನ್ನು ಬರೆಯಬೇಕು. ‘ಸರಿಯಿದೆ’ ಎಂದು ಗುರುತು ಹಾಕಿದ ಹಾಳೆ ಆ ದಿನದ ಕೆಲಸಕ್ಕೆ ಸಾಕಾದೀತು. ನಾಳೆಗೆ ಏನನ್ನೂ ಹೇಳದು. ಸವೆತವೆಂಬುದು ಎರಡು ಕಾಲಗಳ ಅಳತೆಗಳ ನಡುವಣ ವ್ಯತ್ಯಾಸ. ಒಂದು ಸಿಲಿಂಡರಿನ ವ್ಯಾಸ ಇಂದು 86.05 ಮಿಲಿಮೀಟರು ಇದೆಯೆಂದಿಟ್ಟುಕೊಳ್ಳೋಣ. ಜೋಡಿಸಿದಾಗ ಅದು 86.01 ಇದ್ದಿತೋ 86.04 ಇದ್ದಿತೋ ತಿಳಿಯದಿದ್ದರೆ, ಎಂಜಿನ್ನು ಬೇಗ ಸವೆಯುತ್ತಿದೆಯೇ ಅಥವಾ ಮೊದಲೇ ಸಡಿಲವಾಗಿತ್ತೇ ಎಂಬುದನ್ನು ನಿರ್ಣಯಿಸುವ ಮಾರ್ಗವಿಲ್ಲ. ದೋಷ ಎಣ್ಣೆಯದೋ, ಚಾಲಕನದೋ, ಜೋಡಿಸಿದವನದೋ ಎಂಬ ವಿವಾದದಲ್ಲಿ ನಿರಪರಾಧಿಯ ಮೇಲೆ ಹೊಣೆ ಬೀಳಬಹುದು. ಬರೆದಿಟ್ಟ ಸಂಖ್ಯೆ ಎಂಜಿನ್ನನ್ನು ಮಾತ್ರವಲ್ಲ, ಅದನ್ನು ಜೋಡಿಸಿದವನನ್ನೂ ಕಾಪಾಡುತ್ತದೆ.

ಯಂತ್ರಶಾಲೆಯೊಂದು ಮುಚ್ಚಿದಾಗ ಯಂತ್ರಗಳು ಹರಾಜಾಗುತ್ತವೆ. ಹಾಳೆಗಳು ರದ್ದಿಗೆ ಹೋಗುತ್ತವೆ. ಕುಶಲಕರ್ಮಿಗಳು ತಮ್ಮ ಕೆಲಸದ ಬಗ್ಗೆ ಬೇರೆ ಬರಹಗಳನ್ನು ಬಿಟ್ಟುಹೋಗುವುದು ವಿರಳ. ಅವರ ಕೈ ಎಷ್ಟು ನಿಖರವಾಗಿತ್ತೆಂಬುದಕ್ಕೆ ಈ ಹಾಳೆಗಳೇ ಸಾಕ್ಷಿ. ತಮ್ಮ ಊರಿನ ಹಳೆಯ ಯಂತ್ರಶಾಲೆಗಳಲ್ಲಿ ಇಂತಹವು ಉಳಿದಿದ್ದರೆ ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಅವನ್ನು ಸಂಗ್ರಹಿಸಿ, ಯಾವ ಎಂಜಿನ್ನಿನದು, ಯಾವ ವರ್ಷದ್ದು ಎಂಬುದನ್ನು ಗುರುತಿಸಿಟ್ಟರೆ, ಶ್ರಮದ ಚರಿತ್ರೆಯನ್ನು ಬರೆಯುವವರಿಗೆ ಮಹದುಪಕಾರವಾಗುವುದರಲ್ಲಿ ಸಂದೇಹವಿಲ್ಲ.