ಮಳೆಗಾಲದ ದಾಸ್ತಾನು: ಬೂಷ್ಟಿನ ಬಗ್ಗೆ ಎಚ್ಚರವಿರಲಿ

2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ಘಾಟ್‌ನಲ್ಲಿ ಸಂಚಾರ ನಿಂತಿತ್ತು. ನೆಲ್ಯಾಡಿಯಂಥ ಊರಿನವರು ಇಂಥ ದಿನಗಳಿಗೆಂದು ಕುಚ್ಚಲಕ್ಕಿ, ಒಣಮೀನು, ಬೇಳೆಕಾಳು ತೆಗೆದಿಡುವುದು ಒಳ್ಳೆಯದೇ. ಆದರೆ ತೇವ ತಾಗಿದರೆ ಅಕ್ಕಿ, ನೆಲಗಡಲೆ, ಒಣಮೆಣಸು, ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗಬಲ್ಲದು. ತೊಳೆದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ಸಾಮಾನನ್ನು ಚೆನ್ನಾಗಿ ಒಣಗಿಸಿ, ಬಿಸಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ. ಡಬ್ಬವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಒದ್ದೆ ಕೈ ಹಾಕಬೇಡಿ. ಮೊದಲು ತಂದದ್ದನ್ನು ಮೊದಲು ಬಳಸಿ.

ಬೂಷ್ಟು ಹಿಡಿದದ್ದನ್ನು ಕೋಳಿಗೂ ಹಾಕಬಾರದು. ಆಹಾರ ಎಸೆಯಲು ಮನಸ್ಸು ಒಪ್ಪದು ನಿಜ. ಅದಕ್ಕೇ ಮನೆಮಂದಿಗೆ ಎರಡು ವಾರಕ್ಕೆ ಬೇಕಾದಷ್ಟನ್ನೇ ತೆಗೆದಿಡಿ.